ಶಿರಸಿ ಸೀಮೆಯಲ್ಲಿ ಕಾರಿನ ಒಡೆತನ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳ ಕಾರುಗಳು ಶಿರಸಿಯ ಸಾರಿಗೆ ಕಚೇರಿಯಲ್ಲಿ ಕೆಎ-31 ಸರಣಿಯಲ್ಲಿ ನೋಂದಣಿಯಾಗುತ್ತವೆ. ಜಿಲ್ಲಾ ಕೇಂದ್ರವಾದ ಕಾರವಾರದ ಸರಣಿ ಕೆಎ-30. ಕಾರು ತಂದೆಯ ಹೆಸರಿನಲ್ಲಿದ್ದು ಮಗ ಓಡಿಸುವುದು, ಸಂಸ್ಥೆಯ ಹೆಸರಿನಲ್ಲಿದ್ದು ನೌಕರನು ಓಡಿಸುವುದು, ಮಾರಾಟವಾಗಿ ವರ್ಷ ಕಳೆದರೂ ಹಳೆಯ ಮಾಲೀಕನ ಹೆಸರೇ ಉಳಿದಿರುವುದು ಇಲ್ಲಿಯೂ ಅಪರೂಪವಲ್ಲ. ಆದ್ದರಿಂದ ಒಡೆತನದ ಜೊತೆಗೆ ಬರುವ ಹೊಣೆಯನ್ನು ಅರಿತಿರುವುದು ಅಗತ್ಯ.

ಹಿನ್ನೆಲೆ

ಈ ಮೂರು ಪಟ್ಟಣಗಳಲ್ಲಿ ರೈಲು ನಿಲ್ದಾಣವಿಲ್ಲ. ಸಿದ್ದಾಪುರದವರಿಗೆ ತಾಳಗುಪ್ಪ, ಯಲ್ಲಾಪುರದವರಿಗೆ ಹುಬ್ಬಳ್ಳಿ, ಶಿರಸಿಯವರಿಗೆ ಹಾವೇರಿ, ಹುಬ್ಬಳ್ಳಿ ಅಥವಾ ಘಟ್ಟದ ಕೆಳಗಿನ ಕುಮಟಾ ನಿಲ್ದಾಣವೇ ಗತಿ. ಅಡಿಕೆ ತೋಟಗಳ ಅಂಚಿನ ಮನೆಗಳು ಒಂದಕ್ಕೊಂದು ದೂರವಾಗಿದ್ದು, ಬಸ್ಸು ಬರುವ ರಸ್ತೆಗೆ ಸೇರಲು ಮಣ್ಣಿನ ದಾರಿಯಲ್ಲಿ ಬಹುದೂರ ನಡೆಯಬೇಕಾದ ಊರುಗಳು ಈಗಲೂ ಇವೆ. ತಜ್ಞ ಚಿಕಿತ್ಸೆಗೆ ಹುಬ್ಬಳ್ಳಿ, ಮಣಿಪಾಲ ಅಥವಾ ಶಿವಮೊಗ್ಗಕ್ಕೆ ಹೋಗುವುದು ವಾಡಿಕೆ. ಮಕ್ಕಳು ಬೆಂಗಳೂರಿನಲ್ಲಿದ್ದು ವೃದ್ಧ ತಂದೆತಾಯಿ ಮಾತ್ರ ಉಳಿದಿರುವ ಮನೆಗಳಿಗೆ ರಾತ್ರಿ ಹೊತ್ತಿನಲ್ಲಿ ನೆರೆಮನೆಯ ಕಾರೇ ಆಂಬುಲೆನ್ಸ್.

ನೋಂದಣಿ, ವಿಮೆ ಮತ್ತು ಹೊಣೆ

1988ರ ಮೋಟಾರು ವಾಹನ ಕಾಯ್ದೆಯ ಪ್ರಕಾರ ಖಾಸಗಿ ಕಾರಿನ ನೋಂದಣಿಗೆ 15 ವರ್ಷಗಳ ಮಾನ್ಯತೆಯಿದ್ದು, ಬಳಿಕ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಕಾರು ಮಾರಿದವರು ಅದನ್ನು ಸಾರಿಗೆ ಕಚೇರಿಗೆ ತಿಳಿಸಿ ಹೆಸರು ಬದಲಾಯಿಸಲೇಬೇಕು. ಹಣ ಪಡೆದು ಕೀಲಿಕೈ ಕೊಟ್ಟ ಮಾತ್ರಕ್ಕೆ ಹೊಣೆ ಕಳೆಯುವುದಿಲ್ಲ. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ಪ್ರಕರಣದಲ್ಲಿ (2018) ಸರ್ವೋಚ್ಚ ನ್ಯಾಯಾಲಯವು, ಅಪಘಾತದ ದಿನ ದಾಖಲೆಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರೆಂದು ತೀರ್ಪಿತ್ತಿತು. ಆ ಕಾರು ಅಷ್ಟರಲ್ಲಿ ಹಲವರ ಕೈ ದಾಟಿತ್ತು.

ಎಲ್ಲ ಕಾರುಗಳಿಗೂ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಇದು ಮುಖ್ಯವಾಗಿ ಕಾರಿನ ಹೊರಗಿನವರಿಗೆ ರಕ್ಷಣೆ ನೀಡುವ ವಿಮೆ. ಖಾಸಗಿ ಕಾರಿನಲ್ಲಿ ಪುಕ್ಕಟೆಯಾಗಿ ಕುಳಿತು ಬರುವವರು ಕಾಯ್ದೆಯ ಈ ಕನಿಷ್ಠ ವಿಮೆಯೊಳಗೆ ಬರುವುದಿಲ್ಲ. ಅವರಿಗಾಗಿ ಸಮಗ್ರ ವಿಮೆ ಬೇಕು. ನೆರೆಯವರನ್ನು ಆಸ್ಪತ್ರೆಗೆ ಕರೆದೊಯ್ಯುವ ರೂಢಿಯಿರುವ ಈ ಭಾಗದಲ್ಲಿ, ಹಳೆಯ ಕಾರೆಂದು ಅಗ್ಗದ ವಿಮೆಯನ್ನಷ್ಟೇ ಮಾಡಿಸುವವರು ಇದನ್ನು ಯೋಚಿಸಬೇಕು. ಇನ್ನು, ಬಿಳಿ ಬೋರ್ಡಿನ ಕಾರನ್ನು ಬಾಡಿಗೆಗೆ ಓಡಿಸುವುದು ಪರವಾನಗಿಯ ಉಲ್ಲಂಘನೆ. ಅಂಥ ಪ್ರಯಾಣದಲ್ಲಿ ಅಪಘಾತವಾದರೆ ವಿಮಾ ಕಂಪನಿಯು ಹಣ ಕೊಡಲು ನಿರಾಕರಿಸಬಹುದು. ಉಪಕಾರಕ್ಕೆ ಹೊರಟವನು ದಾಕ್ಷಿಣ್ಯಕ್ಕೆ ಬಾಡಿಗೆಯೆಂದು ಹಣ ಪಡೆದು ಇಕ್ಕಟ್ಟಿಗೆ ಸಿಲುಕುವುದು ಹೀಗೆ.

ಸಂಸ್ಥೆಯ ಕಾರು

ಸಂಸ್ಥೆಯ ಹೆಸರಿನಲ್ಲಿರುವ ಕಾರಿಗೆ ಸಂಸ್ಥೆಯೇ ಮಾಲೀಕ. ಮಾಲೀಕ-ಚಾಲಕರಿಗಾಗಿ ಇರುವ 15 ಲಕ್ಷ ರೂ.ಗಳ ವೈಯಕ್ತಿಕ ಅಪಘಾತ ವಿಮೆ ಅದಕ್ಕೆ ಅನ್ವಯಿಸದು; ಓಡಿಸುವ ನೌಕರನಿಗೆ ಬೇರೆ ವಿಮೆಯಿದೆಯೇ ಎಂದು ಕೇಳಿ ತಿಳಿಯಬೇಕು. ಇಂಥ ಕಾರಿನ ಸ್ವಂತ ಬಳಕೆ ಆದಾಯ ತೆರಿಗೆಗೂ ಒಳಪಡುತ್ತದೆ. 1962ರ ನಿಯಮಾವಳಿಯು, ಕಚೇರಿಗೂ ಮನೆಗೂ ಬಳಸುವ, ವೆಚ್ಚವನ್ನೆಲ್ಲ ಸಂಸ್ಥೆಯೇ ಭರಿಸುವ ಕಾರಿನ ಸೌಲಭ್ಯಕ್ಕೆ ತಿಂಗಳಿಗೆ 1,800 ರೂ., ಎಂಜಿನ್ 1.6 ಲೀಟರ್ ಮೀರಿದರೆ 2,400 ರೂ. ಮೌಲ್ಯವನ್ನು ನಿಗದಿಪಡಿಸಿತ್ತು, ಚಾಲಕನನ್ನೂ ಕೊಟ್ಟರೆ ಇನ್ನೂ 900 ರೂ. ಹೊರರಾಜ್ಯದಲ್ಲಿ ನೋಂದಣಿಯಾದ ಕಾರನ್ನು 12 ತಿಂಗಳಿಗಿಂತ ಹೆಚ್ಚು ಇಲ್ಲಿಯೇ ಇರಿಸಿಕೊಂಡರೆ ಹೊಸ ನೋಂದಣಿ ಪಡೆಯಬೇಕು.

ಮಳೆಗಾಲ ಮತ್ತು ಘಟ್ಟ

ಶಿರಸಿ-ಕುಮಟಾ ನಡುವಿನ ದೇವಿಮನೆ ಘಟ್ಟ (ರಾಷ್ಟ್ರೀಯ ಹೆದ್ದಾರಿ 766ಇ) ಮತ್ತು ಯಲ್ಲಾಪುರ-ಅಂಕೋಲಾ ನಡುವಿನ ಅರಬೈಲ್ ಘಟ್ಟ (ಹೆದ್ದಾರಿ 52) ಕರಾವಳಿಗೆ ಇಳಿಯುವ ಪ್ರಮುಖ ದಾರಿಗಳು. 2021ರ ಜುಲೈನಲ್ಲಿ ಅರಬೈಲ್ ಘಟ್ಟದಲ್ಲಿ ಭೂಕುಸಿತವಾಗಿ ಸಂಚಾರ ನಿಂತಿತ್ತು. ಘಟ್ಟದ ಬುಡದಾಚೆ, ಅಂಕೋಲಾ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಗುಡ್ಡ ಕುಸಿದು ಜೀವಹಾನಿಯಾಯಿತು. ಮಳೆ ಜೋರಾದಾಗ ಜಿಲ್ಲಾಡಳಿತದ ಪ್ರಕಟಣೆ ನೋಡಿಕೊಂಡೇ ಹೊರಡುವುದು ಒಳ್ಳೆಯದು.

ಘಟ್ಟ ಇಳಿಯುವಾಗ ಕೆಳಗಿನ ಗೇರಿನಲ್ಲಿರಬೇಕು. ಬ್ರೇಕನ್ನೇ ಸತತವಾಗಿ ಒತ್ತಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ. ತುಂಬಿದ ಹಳ್ಳದಲ್ಲಿ ಎಂಜಿನ್ ನಿಂತರೆ ಮತ್ತೆ ಚಾಲೂ ಮಾಡಬಾರದು, ಒಳನುಗ್ಗಿದ ನೀರಿನಿಂದ ಎಂಜಿನ್ನೇ ಹಾಳಾಗುತ್ತದೆ. ಈ ನಷ್ಟವನ್ನು ಸಾಮಾನ್ಯ ಸಮಗ್ರ ವಿಮೆ ತುಂಬಿಕೊಡುವುದಿಲ್ಲ. ಎಂಜಿನ್ ರಕ್ಷಣೆಯನ್ನು ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ವಾರಗಟ್ಟಲೆ ನಿಂತ ಕಾರಿನ ಬ್ಯಾಟರಿ ಇಳಿಯುತ್ತದೆ, ಇಲಿಗಳು ವೈರು ಕಡಿಯುತ್ತವೆ. ಅಡಿಕೆ ದಾಸ್ತಾನಿನ ಪಕ್ಕದಲ್ಲೇ ಕಾರು ನಿಲ್ಲಿಸುವ ಮನೆಗಳಲ್ಲಿ ಮಳೆಗಾಲದುದ್ದಕ್ಕೂ ಆಗಾಗ ಬಾನೆಟ್ ತೆರೆದು ನೋಡುವುದು ಲೇಸು.