ಒಂದೇ ನಂಬರ್, ಎರಡು ಪ್ರೋಟೋಕಾಲ್: 112ರ ಕಥೆ

ಪುಣೆಯಲ್ಲಿ ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದು ಶನಿವಾರ ರಾತ್ರಿ ಆಫೀಸಿನ ನೆಟ್‌ವರ್ಕ್‌ಗೆ ಒಂದು ಜೋಡಿ ಫೈರ್‌ವಾಲ್ ಸೇರಿಸ್ತಾ ಇದ್ದೆ. ಗ್ರೂಪ್ ನಂಬರ್ ಕೇಳಿತು, 1 ಅಂತ ಕೊಟ್ಟೆ. ಐದೇ ನಿಮಿಷದಲ್ಲಿ ಇಡೀ ಫ್ಲೋರಿನ ನೆಟ್ ಬರೋದು, ಹೋಗೋದು ಶುರುವಾಯ್ತು. ಕೇಬಲ್ ಬದಲಾಯಿಸಿದೆ, ಸ್ವಿಚ್ ರೀಸ್ಟಾರ್ಟ್ ಮಾಡಿದೆ. ಬೆಳಗಿನ ಜಾವ ಮೂರಕ್ಕೆ ಗೊತ್ತಾಯ್ತು, ತಪ್ಪು ಆ 1ರಲ್ಲೇ ಇತ್ತು. ಯಾಕೆ ಅಂತ ತಿಳಿಯೋಕೆ ಸುಮಾರು 30 ವರ್ಷ ಹಿಂದೆ ಹೋಗಬೇಕು.

ನಮ್ಮ ಲ್ಯಾಪ್‌ಟಾಪ್‌ಗೆ ಹೊರಗೆ ಹೋಗಲು ಗೊತ್ತಿರುವ ದಾರಿ ಸಾಮಾನ್ಯವಾಗಿ ಒಂದೇ, ಡೀಫಾಲ್ಟ್ ಗೇಟ್‌ವೇ. ಆ ರೂಟರ್ ಕೆಟ್ಟರೆ, ಪಕ್ಕದಲ್ಲೇ ಇನ್ನೊಂದು ರೂಟರ್ ಇದ್ದರೂ ಪ್ರಯೋಜನವಿಲ್ಲ. 1991ರ ಆರ್‌ಎಫ್‌ಸಿ 1256 ಒಂದು ಉಪಾಯ ಹೇಳಿತ್ತು: ರೂಟರ್‌ಗಳೇ ಆಗಾಗ 'ನಾನಿದ್ದೇನೆ' ಅಂತ ಸಾರಲಿ. ಆದರೆ ಒಮ್ಮೆ ಸಾರಿದ್ದಕ್ಕೆ ಡೀಫಾಲ್ಟ್ ಆಯಸ್ಸು 30 ನಿಮಿಷ. ಕೆಟ್ಟ ರೂಟರನ್ನು ಅರ್ಧ ಗಂಟೆ ನಂಬಿ ಕೂರೋಕಾಗುತ್ತಾ?

ಸಿಸ್ಕೋ ತನ್ನ ಎಚ್‌ಎಸ್‌ಆರ್‌ಪಿಯಲ್ಲಿ ಬೇರೆ ದಾರಿ ಹಿಡಿಯಿತು: ವಿಳಾಸವನ್ನು ಯಂತ್ರಕ್ಕೆ ಕೊಡಬೇಡ, ಕುರ್ಚಿಗೆ ಕೊಡು. ಎರಡು ರೂಟರ್‌ಗಳಿಗೆ ಸೇರಿ ಒಂದು ವರ್ಚುವಲ್ ಐಪಿ, ಒಂದು ವರ್ಚುವಲ್ ಮ್ಯಾಕ್. ಕುರ್ಚಿಯಲ್ಲಿರುವ ರೂಟರ್ 3 ಸೆಕೆಂಡಿಗೊಮ್ಮೆ ಹಲೋ ಅನ್ನುತ್ತೆ. 10 ಸೆಕೆಂಡ್ ಸದ್ದಿಲ್ಲದಿದ್ದರೆ ಇನ್ನೊಂದು ಬಂದು ಕೂರುತ್ತೆ. ಲ್ಯಾಪ್‌ಟಾಪ್‌ನಲ್ಲಿ ಏನೂ ಬದಲಾಯಿಸಬೇಕಿಲ್ಲ.

ಇದು 1998ರ ಮಾರ್ಚ್‌ನಲ್ಲಿ ಆರ್‌ಎಫ್‌ಸಿ 2281 ಆಗಿ, ಬರೀ ಮಾಹಿತಿಗಾಗಿ ಪ್ರಕಟವಾಯ್ತು. ಮರುತಿಂಗಳೇ ಎಲ್ಲ ಕಂಪನಿಗಳಿಗೂ ಅಂತ ಆರ್‌ಎಫ್‌ಸಿ 2338, ಅಂದರೆ ವಿಆರ್‌ಆರ್‌ಪಿ ಬಂತು. ಅದರ ಐಪಿ ಪ್ರೋಟೋಕಾಲ್ ನಂಬರ್ 112. ಆದರೆ ಸಿಸ್ಕೋ, ನಮ್ಮ ಪೇಟೆಂಟ್ ಇದಕ್ಕೂ ಅನ್ವಯಿಸುತ್ತೆ ಅಂತು. ಓಪನ್‌ಬಿಎಸ್‌ಡಿ ತಂಡ ಹೇಳುವ ಪ್ರಕಾರ, ಪೇಟೆಂಟ್ ಬಿಟ್ಟುಕೊಡಲ್ಲ ಅಂತ 2002ರಲ್ಲಿ ಸಿಸ್ಕೋ ಖಡಾಖಂಡಿತವಾಗಿ ತಿಳಿಸಿತು. ಯಾರು ಬೇಕಾದರೂ ಬಳಸಬಹುದಾದ ಸಾಫ್ಟ್‌ವೇರ್ ಕೊಡುವವರು ಇಂಥದ್ದನ್ನು ಹೇಗೆ ಸೇರಿಸ್ತಾರೆ?

ಅವರು ಬೇರೆಯದನ್ನೇ ಬರೆದರು. ಅದೇ ಕಾರ್ಪ್, 2004ರ ಮೇನಲ್ಲಿ ಓಪನ್‌ಬಿಎಸ್‌ಡಿ 3.5ರ ಜೊತೆ ಬಂತು. ಗುಪ್ತ ಕೀಲಿಯಿಂದ ಸಹಿಯಾದ ಸಂದೇಶಗಳು ಅದರ ವಿಶೇಷ. ನಂಬರ್‌ಗಾಗಿ ಐಎಎನ್‌ಎಗೆ ಅರ್ಜಿ ಹಾಕಿದರು. ಐಇಟಿಎಫ್ ದಾರಿಯಲ್ಲಿ ಬಂದಿಲ್ಲ ಅಂತ ಸಿಗಲಿಲ್ಲ. ಸರಿ, 112ನ್ನೇ ಬಳಸಿದರು! ವರ್ಚುವಲ್ ಮ್ಯಾಕ್‌ನ ಶುರುವಿನ ಭಾಗವೂ ಎರಡರಲ್ಲೂ ಒಂದೇ, ಕೊನೆಗೆ ಗ್ರೂಪ್ ನಂಬರ್.

ಈಗ ನನ್ನ ಆ ರಾತ್ರಿಗೆ ಬನ್ನಿ. ನಮ್ಮ ಹಳೇ ರೂಟರ್‌ಗಳಲ್ಲಿ ವಿಆರ್‌ಆರ್‌ಪಿ ಗ್ರೂಪ್ 1. ನಾನು ಸೇರಿಸಿದ ಫೈರ್‌ವಾಲ್‌ನಲ್ಲಿ ಕಾರ್ಪ್ ಗ್ರೂಪ್ 1. ಒಂದೇ ಮ್ಯಾಕ್ ಎರಡು ಪೋರ್ಟ್‌ಗಳಲ್ಲಿ ಕಾಣಿಸಿಕೊಂಡು ಸ್ವಿಚ್ ಗೊಂದಲಕ್ಕೆ ಬಿದ್ದಿತ್ತು. 1 ತೆಗೆದು 51 ಹಾಕಿದೆ, ನೆಟ್ ತಣ್ಣಗಾಯ್ತು.

ಆ ರಾತ್ರಿ ನಾನು ಬೈದಿದ್ದು ಸ್ವಿಚ್‌ಗೆ. ಆದರೆ ಸ್ವಿಚ್‌ದೇನೂ ತಪ್ಪಿರಲಿಲ್ಲ. ನಾನು ಶಾಲೆಯಲ್ಲಿದ್ದಾಗ ನಡೆದ ಪೇಟೆಂಟ್ ಜಗಳ ನನ್ನ ಮೇಜಿನ ಮೇಲೆ ಬಂದು ಕೂತಿತ್ತು. ನೀವೂ ಹೊಸ ಜೋಡಿ ಸೇರಿಸೋ ಮುಂಚೆ ಒಮ್ಮೆ ಟಿಸಿಪಿಡಂಪ್‌ನಲ್ಲಿ ಪ್ರೋಟೋಕಾಲ್ 112 ನೋಡಿ, ಯಾವ ನಂಬರ್ ಖಾಲಿ ಇದೆ ಅಂತ. ಮತ್ತೆ ಸಿಗೋಣ.