ಬೆಕ್ಕಿನ ಆಹಾರ ಮತ್ತು ಮೂತ್ರಾಂಗದ ಆರೋಗ್ಯ

ಸಾಕುಬೆಕ್ಕಿನ ಮೂಲ ಆಫ್ರಿಕಾದ ಕಾಡುಬೆಕ್ಕು. ಒಣನಾಡಿನ ಈ ಪ್ರಾಣಿ ಬೇಟೆಯ ಮಾಂಸದಿಂದಲೇ ಬಹುಪಾಲು ನೀರು ಪಡೆಯುತ್ತಿತ್ತು; ಇಲಿಯ ದೇಹದ ಸುಮಾರು ಮೂರರಲ್ಲಿ ಎರಡು ಭಾಗ ನೀರೇ. ಹಾಗಾಗಿ ಬೆಕ್ಕಿಗೆ ಬಾಯಾರಿಕೆ ಕಡಿಮೆ, ಮೂತ್ರ ಬಲು ಗಾಢ. ಒಣ ಕಾಳಿನಂಥ ಆಹಾರದಲ್ಲಿ ನೀರು ಶೇ. 10ರ ಆಸುಪಾಸು, ಡಬ್ಬಿಯ ಹಸಿ ಆಹಾರದಲ್ಲಿ ಶೇ. 75ಕ್ಕೂ ಹೆಚ್ಚು. ಒಣ ಆಹಾರ ತಿನ್ನುವ ಬೆಕ್ಕು ಈ ಕೊರತೆಯನ್ನು ಕುಡಿದು ಪೂರ್ತಿಯಾಗಿ ತುಂಬಿಕೊಳ್ಳುವುದಿಲ್ಲ.

ಮೂತ್ರಕೋಶದ ಕಲ್ಲುಗಳಲ್ಲಿ ಸ್ಟ್ರೂವೈಟ್ (ಮೆಗ್ನೀಸಿಯಂ, ಅಮೋನಿಯಂ, ಫಾಸ್ಫೇಟ್) ಮತ್ತು ಕ್ಯಾಲ್ಸಿಯಂ ಆಕ್ಸಲೇಟ್ ಮುಖ್ಯ. ಸ್ಟ್ರೂವೈಟ್ ಕ್ಷಾರೀಯ ಮೂತ್ರದಲ್ಲಿ ಕಟ್ಟುತ್ತದೆ. ಮೆಗ್ನೀಸಿಯಂ ತಗ್ಗಿಸಿ ಮೂತ್ರವನ್ನು ಆಮ್ಲೀಯಗೊಳಿಸುವ ವಿಶೇಷ ಆಹಾರದಿಂದ ಕೆಲವೇ ವಾರಗಳಲ್ಲಿ ಕರಗುವುದೂ ಉಂಟು. 1980ರ ದಶಕದಲ್ಲಿ ಆಹಾರ ತಯಾರಕರು ಈ ದಾರಿ ಹಿಡಿದರು. ಸ್ಟ್ರೂವೈಟ್ ಇಳಿಯಿತು, ಆಕ್ಸಲೇಟ್ ಏರಿತು. ಆಕ್ಸಲೇಟ್ ಆಹಾರಕ್ಕೆ ಕರಗುವುದಿಲ್ಲ. ಎರಡಕ್ಕೂ ಒಗ್ಗುವ ಉಪಾಯವೆಂದರೆ ನೀರು ಹೆಚ್ಚಿಸಿ ಮೂತ್ರ ತಿಳಿಯಾಗಿಸುವುದು.

ಎಲ್ಲ ತೊಂದರೆಗೂ ತಟ್ಟೆಯೇ ಹೊಣೆಯಲ್ಲ. ಎಳೆಯ ಮತ್ತು ನಡುವಯಸ್ಸಿನ ಬೆಕ್ಕುಗಳಲ್ಲಿ ಕಲ್ಲೂ ಸೋಂಕೂ ಇಲ್ಲದ ಮೂತ್ರಕೋಶದ ಉರಿಯೂತವೇ ಹೆಚ್ಚು. ಒತ್ತಡ, ಬೊಜ್ಜು ಅದರೊಂದಿಗೆ ತಳಕು ಹಾಕಿಕೊಂಡಿವೆ.

ನಮ್ಮ ಮನೆಗಳ ಹಾಲನ್ನದಲ್ಲಿ ನೀರಿದೆ ನಿಜ. ಆದರೆ ಬೆಕ್ಕಿಗೆ ಅತ್ಯಗತ್ಯವಾದ ಟಾರಿನ್ ಎಂಬ ಪೋಷಕಾಂಶ ಸಾಲದು, ಹಲವು ದೊಡ್ಡ ಬೆಕ್ಕುಗಳಿಗೆ ಹಾಲೂ ಜೀರ್ಣವಾಗದು. ಗಂಡುಬೆಕ್ಕಿನ ಮೂತ್ರನಾಳ ಕಿರಿದಾದ್ದರಿಂದ ಬೇಗ ಕಟ್ಟಿಕೊಳ್ಳುತ್ತದೆ. ಪದೇಪದೇ ತಿಣುಕಿಯೂ ಮೂತ್ರ ಬಾರದಿದ್ದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಎರಡು ಮೂರು ದಿನಗಳಲ್ಲೇ ಸಾವು ಬರಬಹುದು. ಆಗ ಆಹಾರ ಬದಲಿಸುತ್ತ ಕೂರದೆ ತಕ್ಷಣ ಪಶುವೈದ್ಯರ ಬಳಿ ಒಯ್ಯಬೇಕು.