ಕರಿಜೀರಿಗೆ ಎಂದರೆ ಯಾವ ಜೀರಿಗೆ?

ಹಸಿದು ಬಂದ ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟಳು, ಅದರಿಂದಲೇ ಬೆಂಗಳೂರು ಎಂಬ ಹೆಸರು ಬಂತು ಎಂಬ ಕಥೆ ಯಾರಿಗೆ ಗೊತ್ತಿಲ್ಲ? ಆದರೆ ಬೇಗೂರಿನ ವೀರಗಲ್ಲು ಬೇರೆಯೇ ಮಾತು ಹೇಳುತ್ತದೆ. ಕ್ರಿ.ಶ. 890ರ ಸುಮಾರಿನ, ಗಂಗರ ಕಾಲದ ಆ ಶಾಸನದಲ್ಲಿ ಬೆಂಗಳೂರಿನ ಕಾಳಗದ ಉಲ್ಲೇಖವಿದೆ. ಅಂದರೆ ಬಲ್ಲಾಳನಿಗಿಂತ ಸುಮಾರು 300 ವರ್ಷ ಮೊದಲೇ ಆ ಹೆಸರಿತ್ತು. ಅಡುಗೆಮನೆಯಿಂದ ಬಂದ ಹೆಸರುಗಳನ್ನು ಕೊಂಚ ಪರೀಕ್ಷಿಸಿಯೇ ನಂಬಬೇಕು. ‘ಕರಿಜೀರಿಗೆ’ ಅಂಥ ಇನ್ನೊಂದು ಹೆಸರು.

ಈ ಒಂದು ಹೆಸರಿನ ಹಿಂದೆ ಹಲವು ಗಿಡಗಳಿವೆ. ಬಿರಿಯಾನಿಗೆ ಹಾಕುವ ಶಾಜೀರಿಗೆ ಒಂದು. ಸಸ್ಯಶಾಸ್ತ್ರದಲ್ಲಿ ಇದು ‘ಕಾರಂ ಕಾರ್ವಿ’. ಕಾಶ್ಮೀರ, ಹಿಮಾಚಲದ ಬೆಟ್ಟಗಳ ‘ಕಾಲಾ ಜೀರಾ’ ಇದರ ಹತ್ತಿರದ ನೆಂಟನಾದರೂ ಬೇರೆ ಗಿಡ. ಉಪ್ಪಿನಕಾಯಿಗೂ ನಾನ್ ರೊಟ್ಟಿಗೂ ಬಳಸುವ, ಅಚ್ಚ ಕಪ್ಪು ಬಣ್ಣದ ಮೂಲೆಮೂಲೆಯ ಬೀಜ ಕಲೋಂಜಿ. ಅದು ಜೀರಿಗೆಯ ಕುಲಕ್ಕೇ ಸೇರಿದ್ದಲ್ಲ. ಇನ್ನು ಕಾಡುಜೀರಿಗೆ ಸೂರ್ಯಕಾಂತಿಯ ವಂಶದ್ದು. ವಿಪರೀತ ಕಹಿ, ಜಂತುಹುಳುವಿನ ಔಷಧಿ.

ಹಳಬರಿಗೆ ಈ ಭೇದ ತಿಳಿದಿತ್ತು. 16ನೇ ಶತಮಾನದ ‘ಭಾವಪ್ರಕಾಶ’ ಬಿಳಿ ಜೀರಿಗೆ, ಕೃಷ್ಣಜೀರಕ, ಉಪಕುಂಚಿಕಾ ಎಂದು ಮೂರನ್ನು ಬೇರೆಬೇರೆಯಾಗಿ ಹೇಳುತ್ತದೆ. ಇಂದಿನ ಭಾರತೀಯ ಆಯುರ್ವೇದ ಔಷಧಕೋಶದ ಪ್ರಕಾರ ಕೃಷ್ಣಜೀರಕವೆಂದರೆ ಶಾಜೀರಿಗೆ, ಉಪಕುಂಚಿಕಾ ಎಂದರೆ ಕಲೋಂಜಿ. ಕೃಷ್ಣ ಎಂದರೂ ಕರಿ ಎಂದರೂ ಒಂದೇ ಅರ್ಥ. ಕನ್ನಡದಲ್ಲಿ ಎರಡನ್ನೂ ‘ಕರಿಜೀರಿಗೆ’ ಎನ್ನುವುದುಂಟು.

ಶಾಜೀರಿಗೆ ತಂಪು ನಾಡಿನ ಬೆಳೆ. ಅದರ ಎರಡು ವರ್ಷದ ತಳಿಗೆ ಚಳಿಗಾಲ ತಟ್ಟದಿದ್ದರೆ ಹೂವೇ ಬಿಡದು. ಇಂಗ್ಲಿಷಿನ ‘ಕ್ಯಾರವೇ’ ಎಂಬ ಹೆಸರಿನ ಮೂಲ ಅರಬ್ಬಿಯ ‘ಕರಾವಿಯಾ’. ಯೂರೋಪಿನಲ್ಲಿ ಅದು ರೈ ರೊಟ್ಟಿಗೂ ಹೊಟ್ಟೆಯುಬ್ಬರದ ಔಷಧಿಗೂ ಸೇರಿತು. ಬ್ರಿಟಿಷ್ ಔಷಧಕೋಶದಲ್ಲೂ ಸ್ಥಾನ ಪಡೆಯಿತು.

ಅದರ ಪರಿಮಳಕ್ಕೆ ಮುಖ್ಯ ಕಾರಣ ಕಾರ್ವೋನ್ ಎಂಬ ರಾಸಾಯನಿಕ. ನಮ್ಮ ನಿತ್ಯದ ಜೀರಿಗೆಯ ಘಮ ಬರುವುದು ಕ್ಯುಮಿನಾಲ್ಡಿಹೈಡ್ ಎಂಬ ಬೇರೊಂದರಿಂದ. ಸ್ವಾರಸ್ಯವೆಂದರೆ ಸಬ್ಬಸಿಗೆ ಬೀಜದಲ್ಲಿರುವುದೂ ಶಾಜೀರಿಗೆಯ ಕಾರ್ವೋನೇ. ಅದರ ಕನ್ನಡಿ ಬಿಂಬದಂಥ ರೂಪ ಒಂದು ಬಗೆಯ ಪುದೀನದಲ್ಲಿದೆ. ಆದರೆ ಮೂಗಿಗೆ ಅದರ ವಾಸನೆಯೇ ಬೇರೆ. ಅಕ್ಕಿರೊಟ್ಟಿಗೆ ಸಬ್ಬಸಿಗೆ ಸೊಪ್ಪು ಬೆರೆಸುವ, ಬಾಣಂತಿಗೆ ಅದನ್ನು ಉಣಿಸುವ ಬೆಂಗಳೂರು ಸೀಮೆಯವರಿಗೆ ಶಾಜೀರಿಗೆ ತೀರಾ ಪರಕೀಯವೇನಲ್ಲ. ಎರಡೂ ಕೊತ್ತಂಬರಿಯ ವಂಶದವೇ.

ಇದು ಬರೀ ಪಂಡಿತರ ಚರ್ಚೆಯಲ್ಲ. ಬೇಗೂರಿನಿಂದ ಎಲೆಕ್ಟ್ರಾನಿಕ್ ಸಿಟಿಯವರೆಗಿನ ಬಡಾವಣೆಗಳಲ್ಲಿ ಇಂದು ಹತ್ತಾರು ಭಾಷೆಗಳ ಮನೆಗಳಿವೆ. ಒಬ್ಬರ ‘ಕಾಲಾ ಜೀರಾ’ ಇನ್ನೊಬ್ಬರ ‘ಕರಿಜೀರಿಗೆ’ ಅಲ್ಲದಿರಬಹುದು. ಪಲಾವಿನಲ್ಲಿ ತಪ್ಪಿದರೆ ರುಚಿ ಕೆಟ್ಟೀತು, ಅಷ್ಟೆ. ಔಷಧಿಯಲ್ಲಿ ತಪ್ಪಿದರೆ, ಅದರಲ್ಲೂ ಗರ್ಭಿಣಿಗೋ ಮಗುವಿಗೋ ಕೊಡುವಾಗ, ಅಪಾಯವಾದೀತು. ಆದ್ದರಿಂದ ಹೆಸರನ್ನಷ್ಟೇ ನೆಚ್ಚದೆ ಕಾಳನ್ನು ನೋಡಬೇಕು. ಕುಡುಗೋಲಿನಂತೆ ಬಾಗಿ, ಕಂದು ಮೈಮೇಲೆ 5 ತಿಳಿಗೆರೆಗಳಿದ್ದರೆ ಅದು ಶಾಜೀರಿಗೆ. ಮೂಲೆಗಳಿರುವ ಕಪ್ಪು ಬೀಜ ಕಲೋಂಜಿ. ಔಷಧಿಗೆ ಬೇಕಾದರೆ ವೈದ್ಯರಿಂದ ಗಿಡದ ಶಾಸ್ತ್ರೀಯ ಹೆಸರನ್ನೇ ಬರೆಸಿಕೊಂಡು ಹೋಗುವುದು ಒಳ್ಳೆಯದು. ಊರಿನ ಹೆಸರಿಗೆ ಕಲ್ಲಿನ ಸಾಕ್ಷಿಯಿತ್ತು. ಜೀರಿಗೆಗೆ ಕಾಳೇ ಸಾಕ್ಷಿ.